ಬಸಿದ ನೀರಿನ ಬೆಲೆ

ಬಾನುಲಿಯ ಈ ಭಾಷಣಕ್ಕೆ ನನಗೆ ಒಪ್ಪಿಸಿರುವ ವಿಷಯ ಗೃಹಕೃತ್ಯದಲ್ಲಿ ಮಿತವ್ಯಯ. ವಿಷಯ ದೊಡ್ಡದು, ಸಮಯ ಸಣ್ಣದು. ಆದುದರಿಂದ ಅಡುಗೆಮನೆಯ ಹೊಸ್ತಿಲನ್ನು ದಾಟದೆ, ಅಲ್ಲಿಯೇ ನಿಂತು ಒಂದೇ ಮಾತನ್ನು ಹೇಳಬೇಕೆಂದಿದ್ದೇನೆ. ಹಣ ಕೊಟ್ಟು ಮನೆಗೆ ತಂದ ಪದಾರ್ಥವನ್ನು, ಅದರ ಸತ್ತ್ವವೆಲ್ಲ ಉಣ್ಣುವವರ ದೇಹಕ್ಕೆ ಸೇರುವವರೆಗೆ, ಕೈಬಿಡದಿರುವುದೇ ನಿಜವಾದ ಉಳಿತಾಯ. ಕಡಮೆ ಉಣ್ಣುವುದು ಉಳಿತಾಯವಲ್ಲ. ಕೀಳು ಸಾಮಾನನ್ನು ಅಗ್ಗಕ್ಕೆ ಕೊಂಡು ತರುವುದೂ ಉಳಿತಾಯವಲ್ಲ.

ಈ ಮಾತಿಗೆ ಲೋಕದ ಲೆಕ್ಕವೇ ಆಧಾರವಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ಇಸವಿಯೊಂದರಲ್ಲಿಯೇ ಜಗತ್ತಿನಲ್ಲಿ ವ್ಯರ್ಥವಾದ ಆಹಾರ ಸುಮಾರು 100 ಕೋಟಿ ಟನ್ನು. ಅದರಲ್ಲಿ 10ಕ್ಕೆ 6 ಪಾಲು ಚೆಲ್ಲಿಹೋದದ್ದು ಸಂಸಾರಸ್ಥರ ಮನೆಗಳಲ್ಲಿ. ಆ ಲೆಕ್ಕದಲ್ಲಿ ಸಿಪ್ಪೆ, ಬೀಜಗಳಂಥ ತಿನ್ನದೆ ಎಸೆಯುವ ಭಾಗಗಳೂ ಸೇರಿವೆ ಎಂಬುದನ್ನು ಮರೆಯಲಾಗದು. ಆದರೆ ಯಾವ ಸಿಪ್ಪೆ ಎಸೆಯತಕ್ಕದ್ದು, ಯಾವ ಬೀಜ ಉಣ್ಣತಕ್ಕದ್ದು ಎಂಬ ತೀರ್ಮಾನ ಒಂದೊಂದು ನಾಡಿನಲ್ಲಿ ಒಂದೊಂದು ಬಗೆ. ಈ ವಿಷಯದಲ್ಲಿ ಕನ್ನಡ ನಾಡಿನ ಹೆಣ್ಣುಮಕ್ಕಳು ಶತಮಾನಗಳಿಂದ ಕೂಡಿಸಿಟ್ಟಿರುವ ವಿದ್ಯೆ ಅಲ್ಪವಾದುದಲ್ಲ. ಪಾಕವಿದ್ಯೆಯನ್ನು ನಮ್ಮ ಪ್ರಾಚೀನ ವಿದ್ವಾಂಸರೂ ಕಡೆಗಣಿಸಲಿಲ್ಲ; 11ನೆಯ ಶತಮಾನದಲ್ಲಿ ಚಾವುಂಡರಾಯನೆಂಬ ಕವಿ ರಚಿಸಿದ ‘ಲೋಕೋಪಕಾರ’ವು, ಜ್ಯೋತಿಷ್ಯ ವಾಸ್ತು ವೈದ್ಯಗಳ ಸಾಲಿನಲ್ಲಿಯೇ ಅಡುಗೆಗೂ ಸ್ಥಾನವನ್ನು ಕೊಟ್ಟಿದೆ.

ಒಂದು ಅಡುಗೆಯನ್ನು ಹಿಡಿದು ನೋಡೋಣ. ಮೈಸೂರು, ಮಂಡ್ಯ, ತುಮಕೂರು, ಕೋಲಾರದ ಕಡೆಯವರಿಗೆ ಬಸ್ಸಾರು ಎಂದರೆ ವಿವರಿಸಬೇಕಾದುದೇನೂ ಇಲ್ಲ. ಉಳಿದ ಕೇಳುಗರಿಗಾಗಿ ಹೇಳುತ್ತೇನೆ. ತೊಗರಿಬೇಳೆಯನ್ನೋ ಅಲಸಂದೆಯನ್ನೋ ಹಸಿ ಅವರೆಕಾಳನ್ನೋ ಸಾಕಷ್ಟು ನೀರಿನಲ್ಲಿ ಬೇಯಲಿಟ್ಟು, ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ಸೊಪ್ಪನ್ನು ಅದಕ್ಕೆ ಸೇರಿಸುತ್ತಾರೆ. ಎರಡೂ ಹದವಾಗಿ ಬೆಂದ ಮೇಲೆ ಪಾತ್ರೆಯ ಬಾಯಿಗೆ ತಟ್ಟೆಯನ್ನು ಅಡ್ಡ ಹಿಡಿದು ನೀರನ್ನು ಬೇರೊಂದು ಪಾತ್ರೆಗೆ ಬಸಿದುಕೊಳ್ಳುತ್ತಾರೆ. ಕೆಳಗೆ ಉಳಿದ ಕಾಳು ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಬೆಳ್ಳುಳ್ಳಿಯ ಒಗ್ಗರಣೆ ಬಿದ್ದರೆ ಅದು ಪಲ್ಯ. ಬಸಿದ ನೀರಿಗೆ, ಕೆಂಡದ ಮೇಲೋ ಬಾಣಲೆಯಲ್ಲೋ ಸುಟ್ಟ ಈರುಳ್ಳಿ ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ತುಸು ತೆಂಗಿನಕಾಯಿ, ಒಂದು ಹಿಡಿ ಬೆಂದ ಕಾಳು ಸೊಪ್ಪು ಇವನ್ನು ನುಣ್ಣಗೆ ರುಬ್ಬಿ ಬೆರಸಿ ಕುದಿಸಿದರೆ ಅದು ಸಾರು. ಪಕ್ಕದಲ್ಲಿ ರಾಗಿಯ ಮುದ್ದೆ. ಅಲ್ಲಿಗೆ ಊಟ ಸಿದ್ಧವಾಯಿತು.

ಇದರಲ್ಲಿ ಆದ ಉಳಿತಾಯವನ್ನು ಗಮನಿಸಿ. ಕಾಳು ಸೊಪ್ಪುಗಳು ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ ಬೆಂದು ಎರಡು ವ್ಯಂಜನಗಳಾದುವು. ಎಣ್ಣೆ ಖರ್ಚಾದದ್ದು ಒಂದೋ ಎರಡೋ ಚಮಚ. ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಸೊಪ್ಪನ್ನು ಬೇಯಿಸುವಾಗ ಅದರ ಲವಣಾಂಶಗಳಲ್ಲಿಯೂ ನೀರಿನಲ್ಲಿ ಕರಗುವ ಜೀವಸತ್ತ್ವಗಳಲ್ಲಿಯೂ ಗಣನೀಯವಾದ ಪಾಲು ನೀರಿಗೆ ಇಳಿದುಬಿಡುತ್ತದೆ. ಆ ನೀರನ್ನು ಚೆಲ್ಲಿ ಸೊಪ್ಪನ್ನು ಮಾತ್ರ ತಿನ್ನುವವರು ಹಣ ಕೊಟ್ಟು ತಂದ ಪುಷ್ಟಿಯಲ್ಲಿ ಒಂದು ಭಾಗವನ್ನು ಬಚ್ಚಲಿಗೆ ಸುರಿದಂತಾಯಿತು. ಪ್ರಯೋಗಶಾಲೆಯ ಹೆಸರನ್ನೇ ಕೇಳದ, ಅಕ್ಷರ ಬಾರದ ನಮ್ಮ ಒಕ್ಕಲು ಮನೆಯ ತಾಯಂದಿರು ಆ ನೀರನ್ನು ಊಟದ ಮುಖ್ಯ ಪದಾರ್ಥವನ್ನಾಗಿಯೇ ಮಾಡಿಕೊಂಡರಲ್ಲ, ಇದು ಎಷ್ಟು ಗೌರವಕ್ಕೆ ಪಾತ್ರವಾದ ಬುದ್ಧಿ! ಸೊಪ್ಪನ್ನಾದರೂ ಅವರು ಸದಾ ಸಂತೆಯಿಂದಲೇ ತರುತ್ತಿರಲಿಲ್ಲ. ಮಳೆ ಬಿದ್ದು ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ತಾನೇ ಹುಟ್ಟುವ ಅಣ್ಣೆ, ಹೊನಗನ್ನೆ, ಗೋಣಿ, ಗಣಿಕೆ, ಕನ್ನೆ ಮೊದಲಾದವನ್ನು ಕುಯ್ದು ಕಲೆಸಿ ‘ಬೆರಕೆ ಸೊಪ್ಪು’ ಎಂದು ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದರು. ಇಂದು ಆ ಗಿಡಗಳ ಗುರುತು ಬಲ್ಲ ಕಣ್ಣುಗಳು ಕಡಮೆಯಾಗುತ್ತಿವೆ. ನಿಮ್ಮ ಮನೆಯಲ್ಲಿ ಅಂಥ ಅಜ್ಜಿಯೊಬ್ಬರಿದ್ದರೆ ಮಕ್ಕಳನ್ನು ಅವರೊಡನೆ ಒಂದು ದಿನ ಹೊಲಕ್ಕೆ ಕಳುಹಿಸಿ. ಗುರುತು ತಿಳಿಯದ ಗಿಡವನ್ನು ಮಾತ್ರ ಯಾರೂ ಕುಯ್ಯಬಾರದು.

ಬಸಿದ ನೀರೂ ಸಾರಾಗುತ್ತದೆ, ಬದುವಿನ ಸೊಪ್ಪೂ ಪಲ್ಯವಾಗುತ್ತದೆ ಎಂದು ಇದುವರೆಗೆ ಹೇಳಿದೆ. ಈ ಬುದ್ಧಿ ಒಂದು ಸೀಮೆಗೆ ಸೇರಿದುದಲ್ಲ. ಯುಗಾದಿಯ ದಿನ ಹೋಳಿಗೆಯ ಹೂರಣಕ್ಕೆ ಬೇಳೆ ಬೇಯಿಸಿದ ಮನೆಯಲ್ಲಿ ಅದರ ಕಟ್ಟನ್ನು ಬಸಿದು ಸಾರು ಮಾಡದಿರುವುದುಂಟೆ? ಹಳೆಯ ಮೈಸೂರಿನವರು ಒಬ್ಬಟ್ಟಿನ ಸಾರೆನ್ನುತ್ತಾರೆ. ಧಾರವಾಡದ ಕಡೆಯವರು ಕಟ್ಟಿನ ಸಾರೆನ್ನುತ್ತಾರೆ. ಮಾರನೆಯ ದಿನ ಮತ್ತೆ ಕುದಿಸಿದಾಗ ಅದರ ರುಚಿ ಇಮ್ಮಡಿಯಾಗುವುದನ್ನು ಎರಡು ಕಡೆಯವರೂ ಬಲ್ಲರು. ವಿಜಯಪುರ, ಬಾಗಲಕೋಟೆಗಳ ಕಡೆ ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿ ಗರಿಗರಿಯಾಗಿ ಅಟ್ಟಿ ಹಾಕಿಟ್ಟರೆ ವಾರಗಟ್ಟಲೆ ಕೆಡದು. ದಿನವೂ ಒಲೆ ಹೊತ್ತಿಸುವ ಸೌದೆ ಮಿಕ್ಕಿತು. ಹೀರೆಕಾಯಿಯ ತಿರುಳು ಹುಳಿಗೆ ಹೋದರೆ ಸಿಪ್ಪೆ ಎಳ್ಳು ಮೆಣಸಿನಕಾಯಿಯೊಡನೆ ಹುರಿದು ಚಟ್ನಿಯಾಗುತ್ತದೆ. ಕಲ್ಲಂಗಡಿಯ ಕೆಂಪು ತಿರುಳಿಗೂ ಹಸುರು ಸಿಪ್ಪೆಗೂ ನಡುವೆ ಇರುವ ಬಿಳಿಯ ಭಾಗವನ್ನು ಕರಾವಳಿಯವರು ಅಕ್ಕಿಯೊಡನೆ ರುಬ್ಬಿ ದೋಸೆ ಹೊಯ್ಯುತ್ತಾರೆ.

ಆದರೆ ಈ ವಿದ್ಯೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ಹಲಸಿನ ಕಾಲದಲ್ಲಿ ಮಲೆನಾಡಿಗೋ ದಕ್ಷಿಣ ಕನ್ನಡಕ್ಕೋ ಹೋಗಬೇಕು. ಎಳೆಯದಾಗಿದ್ದಾಗ ಅದು ಗುಜ್ಜೆ, ಪಲ್ಯಕ್ಕೆ ಬಂತು. ಬಲಿತು ಇನ್ನೂ ಹಣ್ಣಾಗದಿದ್ದಾಗ ಅದರ ಸೊಳೆಗಳನ್ನು ಬಿಡಿಸಿ ಉಪ್ಪಿನಲ್ಲಿ ಹಾಕಿಟ್ಟರೆ ತರಕಾರಿ ಸಿಕ್ಕದ ಆಷಾಢದ ಮಳೆಯಲ್ಲಿ ಒದಗಿತು; ಬೇಯಿಸಿ ಕುಟ್ಟಿ ಒತ್ತಿದರೆ ಹಪ್ಪಳವಾಯಿತು. ಹಣ್ಣಾದ ಮೇಲೆ ಕಡುಬಾಯಿತು. ಬೀಜವನ್ನು ಕೆಮ್ಮಣ್ಣಿನಲ್ಲಿ ಹೊರಳಿಸಿ ಮೂಲೆಯಲ್ಲಿ ರಾಶಿ ಹಾಕಿದರೆ ತಿಂಗಳುಗಟ್ಟಲೆ ಹುಳಿಗೂ ಸಾರಿಗೂ ಸಾಲದೆ ಹೋಗದು. ಉಪ್ಪು ಹಾಕಿ ಬೇಯಿಸಿ ಬಿಸಿಲಿನಲ್ಲಿ ಒಣಗಿಸಿದರೆ ಅದೇ ಸಾಂತಾಣಿ, ಮಳೆಗಾಲದ ಸಂಜೆ ಮಕ್ಕಳ ಬಾಯಾಟಕ್ಕೆ. ಹೊರಗಿನ ಮುಳ್ಳುಸಿಪ್ಪೆ ದನಕ್ಕೆ. ಮರದ ಎಲೆಯನ್ನು ನಾಲ್ಕು ನಾಲ್ಕಾಗಿ ಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ, ಹಿಟ್ಟು ಹೊಯ್ದು, ಹಬೆಯಲ್ಲಿ ಬೇಯಿಸಿದರೆ ಕೊಟ್ಟೆ ಕಡುಬು. ಇಂಥ ಮರದ ಹಣ್ಣುಗಳು ಎಷ್ಟೋ ತೋಟಗಳಲ್ಲಿ ಈಗ ಬಿದ್ದು ಕೊಳೆಯುತ್ತಿರುವಾಗ, ಅದೇ ಊರಿನವರು ಪೇಟೆಯ ತರಕಾರಿಗೆ ಬೆಲೆ ಹೆಚ್ಚಾಯಿತೆಂದು ಕೊರಗುವುದನ್ನು ಕೇಳಿದರೆ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಪದಾರ್ಥದ ಮಾತು ಇಷ್ಟು ಸಾಕು. ಸಿಪ್ಪೆ, ಬೀಜ, ನೀರು ಯಾವುದನ್ನೂ ಎಸೆಯುವ ಮೊದಲು ಎರಡನೆಯ ಉಪಯೋಗವನ್ನು ಯೋಚಿಸಬೇಕೆಂಬುದು ಅದರ ಸಾರಾಂಶ. ಇನ್ನು ಉರಿಯ ಮಾತು. ಉರಿಯೂ ಹಣ ಕೊಟ್ಟು ತಂದ ಪದಾರ್ಥವೇ. 14 ಕಿಲೋ ಅನಿಲದ ಸಿಲಿಂಡರು ಒಂದೂವರೆ ತಿಂಗಳು ಬರುವ ಮನೆಯೂ ಉಂಟು, ಅಷ್ಟೇ ಜನರಿಗೆ ಒಂದು ತಿಂಗಳಿಗೇ ಮುಗಿಯುವ ಮನೆಯೂ ಉಂಟು.

ಇಲ್ಲಿ ಒಂದು ಭೌತಶಾಸ್ತ್ರದ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದುದೆಲ್ಲ ತಾನಾಗಿಯೇ ಹೊಳೆಯುತ್ತದೆ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟೇ ಹೆಚ್ಚಿಸಿದರೂ ಅದರ ಬಿಸಿ ಸುಮಾರು 100 ಡಿಗ್ರಿಯಿಂದ ಮೇಲಕ್ಕೆ ಏರುವುದಿಲ್ಲ. ಹೆಚ್ಚಿಸಿದ ಉರಿಯೆಲ್ಲ ನೀರನ್ನು ಆವಿಯಾಗಿಸುವುದಕ್ಕೆ ಹೋಗುತ್ತದೆ. ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಎಷ್ಟು ಶಾಖ ಬೇಕೋ, ಕುದಿಯುವ ಅಷ್ಟೇ ನೀರನ್ನು ಆವಿಯಾಗಿಸಲು ಅದರ ಸುಮಾರು 7 ಪಾಲು ಶಾಖ ಬೇಕು. ಎಂದಮೇಲೆ, ಮುಚ್ಚಳವಿಲ್ಲದ ಪಾತ್ರೆಯಲ್ಲಿ ಅನ್ನ ಕೊತಕೊತನೆ ಕುದಿಯುತ್ತಿರುವ ಮನೆಯಲ್ಲಿ ಹಣವೇ ಆವಿಯಾಗಿ ಹೋಗುತ್ತಿದೆಯೆಂದು ತಿಳಿಯಬಹುದು. ಕುದಿ ಬರುವವರೆಗೆ ದೊಡ್ಡ ಉರಿ. ಬಂದ ಮೇಲೆ ಮುಚ್ಚಳ ಮುಚ್ಚಿ ಸಣ್ಣ ಉರಿ. ಪಾತ್ರೆಯ ತಳವನ್ನು ಮೀರಿ ಪಕ್ಕಕ್ಕೆ ಹಬ್ಬುವ ಜ್ವಾಲೆ ಅಡುಗೆಗೆ ಸಂದದ್ದಲ್ಲ. ಪ್ರೆಷರ್ ಕುಕ್ಕರಿನಲ್ಲಿ ಆವಿಯನ್ನು ಒತ್ತಿ ಹಿಡಿದಿರುವುದರಿಂದ ಒಳಗಿನ ಬಿಸಿ 120 ಡಿಗ್ರಿಯ ಹತ್ತಿರಕ್ಕೆ ಏರಿ, ಬೇಳೆ ಬೇಗ ಬೇಯುತ್ತದೆ.

ಬೇಳೆಯ ಮಾತು ಬಂದುದರಿಂದ ಇನ್ನು ಕೆಲವು ಸಂಗತಿಗಳನ್ನು ಹೇಳಿಬಿಡುತ್ತೇನೆ. ಹುರುಳಿ, ಕಡಲೆ, ಒಣ ಅವರೆಗಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ಬೇಯುವ ಕಾಲ ಬಹಳ ಮಟ್ಟಿಗೆ ತಗ್ಗುತ್ತದೆ. ಹುಣಸೆಹುಳಿಯನ್ನು ಕಾಳು ಬೆಂದ ಮೇಲೆಯೇ ಹಾಕಬೇಕು. ಮೊದಲೇ ಹಾಕಿದರೆ ಹುಳಿಯ ಗುಣದಿಂದ ಕಾಳು ಗಟ್ಟಿಯಾಗಿ ನಿಂತು, ಉರಿ ವ್ಯರ್ಥವಾಗುತ್ತದೆ. ಕೊಳವೆ ಬಾವಿಯ ಗಡಸು ನೀರಿನಲ್ಲಿ ಬೇಳೆ ಬೇಯುವುದು ನಿಧಾನ; ಕೊಯ್ಲು ಮಾಡಿ ಶುಚಿಯಾಗಿ ಹಿಡಿದಿಟ್ಟ ಮಳೆನೀರಿರುವವರು ಅದನ್ನು ಕಾಳು ಬೇಯಿಸುವುದಕ್ಕೆ ಉಪಯೋಗಿಸಿ ನೋಡಬಹುದು. ಸೌದೆಯ ಒಲೆಯನ್ನು ಇನ್ನೂ ಬಿಡಲಾಗದ ಮನೆಗಳೂ ನಮ್ಮ ಹಳ್ಳಿಗಳಲ್ಲಿವೆ. ಅಂಥವರಿಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನದ ಘಟಕದವರು ಒಂದು ಒಲೆಯನ್ನು ರೂಪಿಸಿದರು. ಒಂದೇ ಬೆಂಕಿಯ ಮೇಲೆ ಮೂರು ಪಾತ್ರೆಗಳು ಸಾಲಾಗಿ ಕೂಡುವಂತೆಯೂ ಹೊಗೆಯು ಕೊಳವೆಯ ಮೂಲಕ ಸೂರಿನ ಹೊರಗೆ ಹೋಗುವಂತೆಯೂ ಏರ್ಪಡಿಸಿದ ಆ ‘ಅಸ್ತ್ರ ಒಲೆ’ ಸೌದೆಯನ್ನಲ್ಲದೆ ಅಡುಗೆ ಮಾಡುವವರ ಕಣ್ಣನ್ನೂ ಶ್ವಾಸಕೋಶವನ್ನೂ ಉಳಿಸುವ ಪ್ರಯತ್ನವಾಗಿತ್ತು. ನನ್ನ ದೃಷ್ಟಿಯಲ್ಲಿ ಸೌದೆಯ ಉಳಿತಾಯಕ್ಕಿಂತ ಈ ಎರಡನೆಯದೇ ಹಿರಿದು.

ಪದಾರ್ಥವನ್ನು ಕೈಬಿಡಬಾರದು, ಉರಿಯನ್ನು ಆವಿಮಾಡಬಾರದು ಎಂಬ ಎರಡು ಮಾತುಗಳಾದುವು. ಮೂರನೆಯದು ಅಳತೆ. ಅಳತೆ ಕೊಳ್ಳುವಾಗಲೂ ಬೇಕು, ಒಲೆಗೆ ಇಡುವಾಗಲೂ ಬೇಕು. ಕೊಳ್ಳುವ ಅಳತೆಯನ್ನು ಹಿಂದಿನವರು ಋತುವಿನಿಂದ ಕಲಿತಿದ್ದರು. ಮಾಘ ಫಾಲ್ಗುಣಗಳಲ್ಲಿ ಹೊಸ ಮೆಣಸಿನಕಾಯಿ ಪೇಟೆಗೆ ಬಂದಾಗ, ಅದರ ಹಿಂದೆಯೇ ಹುಣಸೆಹಣ್ಣು ಬಂದಾಗ, ವರ್ಷಕ್ಕೆ ಬೇಕಾದಷ್ಟನ್ನು ಕೊಂಡು, ಬಿಸಿಲಿಗೆ ಹಾಕಿ, ಹುಣಸೆಯ ಬೀಜ ನಾರುಗಳನ್ನು ಬಿಡಿಸಿ ಉಪ್ಪು ಬೆರಸಿ ಜಾಡಿಯಲ್ಲಿ ಒತ್ತಿಡುತ್ತಿದ್ದರು. ತೊಗರಿಬೇಳೆಗೆ ಹರಳೆಣ್ಣೆಯ ಕೈ ಸವರಿದರೆ ಹುಳು ಬೀಳದು. ರಾಗಿಯಂತೂ ನೆಲದೊಳಗಿನ ಹಗೇವಿನಲ್ಲಿ ಹಲವಾರು ವರ್ಷ ಕೆಡದೆ ನಿಲ್ಲುವ ಧಾನ್ಯ. ಬರಗಾಲದಲ್ಲಿ ಅದು ಎಷ್ಟು ಸಂಸಾರಗಳನ್ನು ಕಾಪಾಡಿತೋ ಹೇಳಲಾಗದು. ಅದರ ಪುಷ್ಟಿಯೂ ಸಾಮಾನ್ಯವಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ನಗರದ ಸಣ್ಣ ಮನೆಯಲ್ಲಿ ವರ್ಷದ ದಾಸ್ತಾನಿಗೆ ಸ್ಥಳವಿಲ್ಲವೆಂಬುದು ನಿಜ. ಆದರೂ ನಾಲ್ಕು ಸಂಸಾರದವರು ಸೇರಿ ಒಂದು ಮೂಟೆ ಕೊಂಡು ಹಂಚಿಕೊಳ್ಳುವುದಕ್ಕೆ ಸ್ಥಳ ಬೇಕಾಗಿಲ್ಲ, ಸ್ನೇಹ ಬೇಕು.

ಒಲೆಗೆ ಇಡುವ ಅಳತೆ ಇದಕ್ಕಿಂತ ಸೂಕ್ಷ್ಮ. ಪ್ರತಿದಿನ ಒಂದು ಹಿಡಿ ಅಕ್ಕಿ ಹೆಚ್ಚಾಗಿ ಬಿದ್ದು ಅಷ್ಟೂ ಅನ್ನ ಹಳಸಿ ಹೋಯಿತೆನ್ನಿ. ಹಿಡಿಯೊಂದಕ್ಕೆ 50 ಗ್ರಾಮಿನಂತೆ ವರ್ಷಕ್ಕೆ ಸುಮಾರು 18 ಕಿಲೋ ಅಕ್ಕಿ ಹೋಯಿತು. ಇದೇ ಹಿಡಿಯನ್ನು ನಮ್ಮ ಹಿರಿಯರು ಬೇರೊಂದು ಬಗೆಯಲ್ಲಿ ಬಳಸುತ್ತಿದ್ದರು. ಅಕ್ಕಿ ಅಳೆದಾಗಲೆಲ್ಲ ಒಂದು ಹಿಡಿಯನ್ನು ತೆಗೆದು ಬೇರೆ ಮಡಕೆಗೆ ಹಾಕಿ, ತಿಂಗಳ ಕೊನೆಯಲ್ಲಿ ವಿದ್ಯಾರ್ಥಿ ನಿಲಯಕ್ಕೋ ಮಠದ ದಾಸೋಹಕ್ಕೋ ಕೊಡುತ್ತಿದ್ದರು. ಮುಷ್ಟಿ ಅಕ್ಕಿಯೆಂದು ಅದಕ್ಕೆ ಹೆಸರು. ಮನೆಯವರಿಗೆ ಆ ಹಿಡಿ ಕಡಮೆಯಾದುದು ತಿಳಿಯುತ್ತಲೇ ಇರಲಿಲ್ಲ. ಉಂಡ ಹುಡುಗರಿಗೆ ಮಾತ್ರ ತಿಳಿಯುತ್ತಿತ್ತು.

ಈ ಸಂದರ್ಭದಲ್ಲಿ 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯದಿರಲಾರೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಲಕ್ಕಮ್ಮ ಮಾರಯ್ಯ ದಂಪತಿಗಳ ಕಾಯಕ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಬೇಕಾದುದಕ್ಕಿಂತ ಅಧಿಕವಾದುದು ನಮಗೆ ಸಲ್ಲದೆಂದು ಹೇಳಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳೆಂದು ಶರಣರ ಕಥೆಗಳು ಹೇಳುತ್ತವೆ. ಚೆಲ್ಲಿದ ಕಾಳನ್ನು ಆಯುವಷ್ಟು ಎಚ್ಚರ, ಮಿಕ್ಕಿದುದನ್ನು ಮರಳಿಸುವಷ್ಟು ನಿರ್ಲೋಭ, ಇವೆರಡೂ ಒಬ್ಬಳೇ ಗೃಹಿಣಿಯಲ್ಲಿ ಕೂಡಿದ್ದುವು. ಜಿಪುಣತನಕ್ಕೂ ಮಿತವ್ಯಯಕ್ಕೂ ಇರುವ ಅಂತರವನ್ನು ನಾನು ಇದಕ್ಕಿಂತ ಸ್ಪಷ್ಟವಾಗಿ ಹೇಳಲಾರೆ.

ಪದಾರ್ಥ, ಉರಿ, ಅಳತೆ ಈ ಮೂರನ್ನೂ ಹೇಳಿದ್ದಾಯಿತು. ಆದರೆ ಉಳಿತಾಯದ ವೇಷದಲ್ಲಿ ಬಂದು ಮನೆಗೆ ಹಾನಿಮಾಡುವ ಅಭ್ಯಾಸಗಳೂ ಇವೆ. ಅವುಗಳ ವಿಷಯದಲ್ಲಿ ನಾನು ದಾಕ್ಷಿಣ್ಯವಿಲ್ಲದೆ ಮಾತನಾಡಬೇಕು. ಹಬ್ಬಕ್ಕೆ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿಯುವುದು ಮಿತವ್ಯಯವಲ್ಲ. ಕಾದಷ್ಟೂ ಎಣ್ಣೆ ಒಡೆದು ದೇಹಕ್ಕೆ ಅಹಿತವಾಗುತ್ತದೆ. ಬೂಷ್ಟು ಹಿಡಿದ ಕಡಲೆಕಾಯಿ ಬೀಜವನ್ನು ಒರಸಿ ಹುರಿದು ಚಟ್ನಿಪುಡಿ ಮಾಡುವುದು ಸರ್ವಥಾ ಕೂಡದು. ಆ ಬೂಷ್ಟಿನ ವಿಷವು ಮನೆಯ ಒಲೆಯ ಬಿಸಿಗೆ ಪೂರ್ತಿಯಾಗಿ ನಾಶವಾಗುವುದಿಲ್ಲ. ಬೇಸಗೆಯಲ್ಲಿ ದಿನವಿಡೀ ಹೊರಗೆ ಇಟ್ಟ ಅನ್ನವನ್ನು ಸಂಜೆ ಚಿತ್ರಾನ್ನ ಮಾಡುವುದಕ್ಕಿಂತ ಆ ಅನ್ನವನ್ನು ಮಾಡದಿರುವುದೇ ಲೇಸಾಗಿತ್ತು. ವೈದ್ಯರ ಒಂದು ಭೇಟಿಗೆ ತಗಲುವ ವೆಚ್ಚ ಇಂಥ ನೂರು ಉಳಿತಾಯಗಳನ್ನು ನುಂಗಿಬಿಡುತ್ತದೆ.

ಎಲ್ಲಕ್ಕಿಂತ ಕೆಟ್ಟ ಉಳಿತಾಯ ಯಾವುದೆಂದರೆ, ಗೃಹಿಣಿಯ ತಟ್ಟೆಯಲ್ಲಿ ಆಗುವ ಉಳಿತಾಯ. ಮನೆಯವರೆಲ್ಲ ಉಂಡು ಎದ್ದ ಮೇಲೆ, ಪಲ್ಯ ಮುಗಿದು, ಸಾರಿನ ತಳ ಮಾತ್ರ ಉಳಿದಿರುವಾಗ, ಬೆಳಗಿನ ತಂಗಳನ್ನು ಚೆಲ್ಲಬಾರದೆಂದು ತಾನೊಬ್ಬಳೇ ಅದನ್ನು ಕಲಸಿಕೊಂಡು ಉಣ್ಣುವ ತಾಯಿಯನ್ನು ತ್ಯಾಗಮಯಿಯೆಂದು ಹೊಗಳಿ ನಾವು ಸುಮ್ಮನಾಗುತ್ತೇವೆ. ಹೊಗಳಿಕೆಯಿಂದ ರಕ್ತ ಊರುವುದಿಲ್ಲ. 2019-20ರ ಸುಮಾರಿಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಸ್ತ್ರೀಯರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಇದಕ್ಕೆ ಕಾರಣಗಳು ಅನೇಕ. ಆದರೆ ಕೊನೆಗೆ ಉಣ್ಣುವ ಪದ್ಧತಿ ಅವುಗಳಲ್ಲಿ ಒಂದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಊಟದೊಡನೆ ಅರ್ಧ ಹೋಳು ನಿಂಬೆಹಣ್ಣು ಸಾಕು. ಊಟವಾದ ಕೂಡಲೆ ಕಾಫಿ ಟೀ ಕುಡಿಯದಿದ್ದರೆ ಸಾಕು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಆದರೆ ಸೊಪ್ಪು ಅವಳ ತಟ್ಟೆಗೆ ಮೊದಲು ಬೀಳಬೇಕಷ್ಟೆ.

ಆದುದರಿಂದ, ಈ ಭಾಷಣವನ್ನು ಹಜಾರದಲ್ಲಿ ಕುಳಿತು ಕೇಳುತ್ತಿರುವ ಗಂಡಸರಲ್ಲಿಯೂ ಬೆಳೆದ ಮಕ್ಕಳಲ್ಲಿಯೂ ನನ್ನ ವಿಜ್ಞಾಪನೆ ಒಂದುಂಟು. ಮನೆಯ ಖರ್ಚನ್ನು ಹಿಡಿಯಬೇಕೆಂದು ನಿಶ್ಚಯಿಸಿದವರು ತರಕಾರಿ ಹೆಚ್ಚುವ ಕೆಲಸದಲ್ಲಿಯೂ ಪಾಲುಗೊಳ್ಳಿ. ಯಾವ ಸಿಪ್ಪೆ ಎಲ್ಲಿಗೆ ಹೋಗುತ್ತದೆಂಬುದು ಆಗ ತಾನೇ ತಿಳಿಯುತ್ತದೆ. ರಾತ್ರಿಗೆ ಊಟಕ್ಕೆ ಬರುವುದಿಲ್ಲವಾದರೆ ಅಕ್ಕಿ ಅಳೆಯುವ ಮೊದಲೇ ಹೇಳಿ ಕಳುಹಿಸಿ. ಮತ್ತು ಇಂದಿನಿಂದಲೇ, ಬಡಿಸುವವರಿಗೂ ಒಂದು ತಟ್ಟೆ ಹಾಕಿಸಿ, ಅವರು ಕುಳಿತ ಮೇಲೆ ಮೊದಲ ತುತ್ತನ್ನು ಎತ್ತಿ.